ಸಿಡಿಲು ಎಲ್ಲಿ ಬಿತ್ತು ಅಂತ ಮ್ಯಾಪ್‌ಗೆ ಹೇಗೆ ಗೊತ್ತಾಗುತ್ತೆ?

ಕಳೆದ ಮೇ ತಿಂಗಳು, ಇಂಟರ್ನಲ್ಸ್ ಮುಗಿದ ಮಾರನೇ ದಿನ. ಸಂಜೆ ನಾಲ್ಕೂವರೆ ಇರಬೇಕು. ಚಳ್ಳಕೆರೆ ಕಡೆಯ ನಮ್ಮ ಊರಿಂದ ದೊಡ್ಡಪ್ಪ ಫೋನ್ ಮಾಡಿದ್ರು.

"ಏನಪ್ಪಾ, ಊರಿಗೆ ಬಂದಾಗ ಮೊಬೈಲಲ್ಲಿ ಸಿಡಿಲು ಬೀಳೋ ಮ್ಯಾಪ್ ತೋರಿಸಿದ್ದೆಯಲ್ಲ, ಅದರಲ್ಲಿ ಒಂಚೂರು ನೋಡಿ ಹೇಳು. ಇಲ್ಲಿ ಮೋಡ ಕಪ್ಪಾಗಿದೆ. ಕುರಿ ಹೊಡ್ಕೊಂಡು ಮನೆಗೆ ಬರ್ಲೋ, ಇನ್ನೊಂದು ಗಂಟೆ ಮೇಯಿಸ್ಲೋ?"

ನಾನು ಮ್ಯಾಪ್ ತೆಗೆದು ನೋಡಿದೆ. ತುಮಕೂರಿನ ಕಡೆ ನಾಲ್ಕೈದು ಹಳದಿ ಚುಕ್ಕೆ ಇತ್ತು. ನಮ್ಮ ಊರಿನ ಮೇಲೆ ಒಂದೂ ಇಲ್ಲ. "ಏನೂ ಇಲ್ಲ ದೊಡ್ಡಪ್ಪ, ಕ್ಲಿಯರ್ ಇದೆ" ಅಂದುಬಿಟ್ಟೆ.

ಇಪ್ಪತ್ತು ನಿಮಿಷದ ನಂತರ ನಮ್ಮ ಹೊಲದ ಬದುವಿನಲ್ಲಿದ್ದ ಹುಣಸೆ ಮರಕ್ಕೆ ಸಿಡಿಲು ಬಡಿಯಿತು. ಮರದ ಕೆಳಗೆ ನಿಂತಿದ್ದ ಎರಡು ಕುರಿ ಅಲ್ಲೇ ಸತ್ತವು. ದೊಡ್ಡಪ್ಪ ಆ ಹೊತ್ತಿಗೆ ಬೇರೆಯವರ ಹೊಲಕ್ಕೆ ನುಗ್ಗಿದ್ದ ಕುರಿಗಳನ್ನ ತಿರುಗಿಸೋಕೆ ಅಂತ ಸ್ವಲ್ಪ ದೂರ ಹೋಗಿದ್ರು. ಅಷ್ಟೇ ಅವರು ಉಳಿದ ಕಾರಣ. ರಾತ್ರಿ ಫೋನ್ ಮಾಡಿದಾಗ ನನಗೆ ಮಾತೇ ಹೊರಡಲಿಲ್ಲ. ಅವರೇ ಸಮಾಧಾನ ಮಾಡಿದ್ರು: "ನಿಂದೇನಪ್ಪ ತಪ್ಪು, ಮಿಷನ್ ಹೇಳಿದ್ದನ್ನ ನೀನು ಹೇಳ್ದೆ."

ಆದರೆ ಮಿಷನ್ ಹಾಗೆ ಹೇಳಿರಲಿಲ್ಲ. "ನನಗೆ ಏನೂ ಕೇಳಿಸಲಿಲ್ಲ" ಅನ್ನೋದಷ್ಟೇ ಅದು ಹೇಳಿದ್ದು. ನಾನು ಅದನ್ನ "ಅಲ್ಲಿ ಏನೂ ಇಲ್ಲ" ಅಂತ ಓದಿಕೊಂಡೆ. ಈ ಎರಡು ಮಾತಿನ ನಡುವೆ ಎಷ್ಟು ಅಂತರ ಇದೆ ಅಂತ ತಿಳ್ಕೊಳ್ಳೋಕೆ ಆಮೇಲೆ ಎರಡು ತಿಂಗಳು ಈ ವಿಷಯ ಓದಿದೆ. ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡ ಅಲ್ಲಲ್ಲಿ ಎಡವಿದರೆ ಸಹಿಸಿಕೊಳ್ಳಿ.

ಮಿಂಚು ಒಂದು ರೇಡಿಯೋ ಸ್ಟೇಷನ್

ಕನ್ನಡದಲ್ಲಿ ಒಂದು ಅನುಕೂಲ ಇದೆ. ಕಣ್ಣಿಗೆ ಕಾಣೋದು ಮಿಂಚು, ಕಿವಿಗೆ ಕೇಳೋದು ಗುಡುಗು, ನೆಲಕ್ಕೆ ಬೀಳೋದು ಸಿಡಿಲು. ಮೂರಕ್ಕೂ ಮೂರು ಬೇರೆ ಪದ. ಆದರೆ ಇದೇ ಘಟನೆಯಲ್ಲಿ ನಾಲ್ಕನೇದೊಂದು ಹೊರಡುತ್ತೆ, ಅದಕ್ಕೆ ನಮ್ಮ ಹಿರಿಯರು ಹೆಸರಿಟ್ಟಿಲ್ಲ, ಯಾಕೆಂದರೆ ಅದು ಕಣ್ಣಿಗೂ ಕಾಣಲ್ಲ ಕಿವಿಗೂ ಕೇಳಲ್ಲ. ಅದು ರೇಡಿಯೋ ಅಲೆ.

ಮನೇಲಿ ಹಳೇ ರೇಡಿಯೋ ಇದ್ದರೆ ಪರೀಕ್ಷೆ ಮಾಡಿ ನೋಡಿ. ಮಳೆ ಬರೋ ಸಂಜೆ ಆಕಾಶವಾಣಿಯ ಮೀಡಿಯಂ ವೇವ್ ಹಾಕಿದರೆ ಮಧ್ಯೆ ಮಧ್ಯೆ "ಕರ್ರ್" ಅಂತ ಸದ್ದು ಬರುತ್ತೆ. ಹೊರಗೆ ಮಿಂಚು ಹೊಡೆದ ಕ್ಷಣಕ್ಕೇ ಸರಿಯಾಗಿ ಬರುತ್ತೆ. ಸಿಡಿಲಿನ ಹಾದಿಯಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸಿನ ಕರೆಂಟ್ ಕೆಲವೇ ಮೈಕ್ರೋಸೆಕೆಂಡ್‌ನಲ್ಲಿ ಏರುತ್ತೆ. ಹಾದಿಯ ಉದ್ದ ಕೆಲವು ಕಿಲೋಮೀಟರ್. ಕರೆಂಟ್ ಇಷ್ಟು ಬೇಗ ಬದಲಾದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು: ಕಿಲೋಮೀಟರ್‌ಗಟ್ಟಲೆ ಉದ್ದದ ಆಂಟೆನಾ ಒಂದು ಆಕಾಶದಲ್ಲಿ ನಿಂತು ಒಂದೇ ಒಂದು ಸಲ ಜೋರಾಗಿ ಕೂಗಿದ ಹಾಗೆ.

ಆ ಕೂಗಿನ ಶಕ್ತಿ ಹೆಚ್ಚಾಗಿ ಇರೋದು 3ರಿಂದ 30 ಕಿಲೋಹರ್ಟ್ಜ್ ಪಟ್ಟಿಯಲ್ಲಿ, ಅದರಲ್ಲೂ 10 ಕಿಲೋಹರ್ಟ್ಜ್ ಹತ್ತಿರ. 10 ಕಿಲೋಹರ್ಟ್ಜ್ ಅಂದರೆ ಅಲೆಯ ಉದ್ದ 30 ಕಿಲೋಮೀಟರ್. ಇಷ್ಟು ಉದ್ದದ ಅಲೆಗೆ ಬೆಟ್ಟ, ಬಿಲ್ಡಿಂಗ್ ಯಾವುದೂ ಅಡ್ಡಿಯಲ್ಲ. ಮೇಲೆ 70ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅಯಾನೋಸ್ಫಿಯರ್‌ನ ಕೆಳಪದರ ಇದೆ, ಕೆಳಗೆ ಭೂಮಿ ಇದೆ. ಎರಡರ ನಡುವೆ ಈ ಅಲೆ ಪೈಪಿನಲ್ಲಿ ನೀರು ಹೋದ ಹಾಗೆ ಸಾವಿರಾರು ಕಿಲೋಮೀಟರ್ ಹೋಗುತ್ತೆ. ಗುಡುಗು 15-20 ಕಿಲೋಮೀಟರ್ ದಾಟಿದರೆ ಕೇಳಲ್ಲ. ಈ ಕೂಗು ಮಾತ್ರ ಒಂದು ದೇಶದಿಂದ ಇನ್ನೊಂದು ದೇಶಕ್ಕೂ ಕೇಳುತ್ತೆ.

ಇದನ್ನ ಹಿಡಿಯೋ ಯೋಚನೆ ಹೊಸದೇನಲ್ಲ. ರಷ್ಯಾದ ಅಲೆಕ್ಸಾಂಡರ್ ಪೊಪೋವ್ 1895ರಲ್ಲೇ ದೂರದ ಮಿಂಚನ್ನ ಗುರುತಿಸುವ ಉಪಕರಣ ಮಾಡಿ ತೋರಿಸಿದ್ದರು. ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್ ಮೊದಲ ಮಹಾಯುದ್ಧದ ಕಾಲದಲ್ಲಿ ಹವಾಮಾನ ಇಲಾಖೆ ಸೇರಿ, ವಿಮಾನದವರಿಗೆ ಗುಡುಗು ಮಳೆಯ ಮುನ್ಸೂಚನೆ ಕೊಡೋಕೆ ಇದೇ ಕರಕರ ಸದ್ದಿನ ದಿಕ್ಕು ಹುಡುಕೋ ಕೆಲಸ ಮಾಡುತ್ತಿದ್ದರು. ಮುಂದೆ 1935ರಲ್ಲಿ ರೇಡಾರ್ ಕೆಲಸಕ್ಕೆ ಕೈ ಹಾಕಿದ್ದೂ ಅವರೇ.

ಮನೆ ಮನೆಯ ಡಿಟೆಕ್ಟರ್

ಈಗ ಈ ಕೆಲಸವನ್ನ ಹವ್ಯಾಸಿಗಳು ಮನೆಯಲ್ಲೇ ಮಾಡ್ತಾರೆ. ಇಂಥ ನೆಟ್‌ವರ್ಕ್‌ಗಳಲ್ಲಿ ಹೆಸರಾದದ್ದು ಜರ್ಮನಿಯ ಬ್ಲಿಟ್ಸ್‌ಓರ್ಟುಂಗ್. ಜರ್ಮನ್ ಭಾಷೆಯಲ್ಲಿ ಬ್ಲಿಟ್ಸ್ ಅಂದರೆ ಮಿಂಚು, ಓರ್ಟುಂಗ್ ಅಂದರೆ ಜಾಗ ಪತ್ತೆ ಮಾಡೋದು. ಡಸೆಲ್‌ಡಾರ್ಫ್‌ನ ಹೈನ್ರಿಖ್ ಹೈನೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಎಗಾನ್ ವಾಂಕೆ ಇದನ್ನ ಶುರು ಮಾಡಿದವರು. ಸದಸ್ಯರು ಬಿಡಿಭಾಗಗಳ ಕಿಟ್ ತರಿಸಿಕೊಂಡು, ಬೋರ್ಡ್ ಮೇಲೆ ತಾವೇ ಸೋಲ್ಡರ್ ಮಾಡಿ, ಮನೆಯ ಒಂದು ಮೂಲೆಯಲ್ಲಿ ಇಟ್ಟು ಇಂಟರ್ನೆಟ್‌ಗೆ ಜೋಡಿಸ್ತಾರೆ. ಲಾಭಕ್ಕೆ ಮಾಡೋ ಕೆಲಸ ಅಲ್ಲ ಇದು.

ಡಬ್ಬಿಯೊಳಗೆ ಏನಿರುತ್ತೆ? ಮೊದಲನೇದು ಆಂಟೆನಾ. ಹಳೇ ರೇಡಿಯೋ ಬಿಚ್ಚಿದವರಿಗೆ ಗೊತ್ತಿರುತ್ತೆ, ಒಳಗೆ ಒಂದು ಕಪ್ಪು ಫೆರೈಟ್ ಕಡ್ಡಿಗೆ ತಾಮ್ರದ ತಂತಿ ಸುತ್ತಿರುತ್ತಾರೆ. ಇಲ್ಲೂ ಹೆಚ್ಚುಕಮ್ಮಿ ಅದೇ. ಆದರೆ ಎರಡು ಇರುತ್ತೆ, ಒಂದಕ್ಕೊಂದು ಲಂಬವಾಗಿ. ಯಾಕೆ ಎರಡು? ಕಾಯಿಲ್ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ವೋಲ್ಟೇಜ್ ಹುಟ್ಟುತ್ತೆ, ಅದು ಫ್ಯಾರಡೆ ನಿಯಮ. ಒಂದೇ ಕಾಯಿಲ್ ಇದ್ದರೆ ಒಂದು ದಿಕ್ಕಿನಿಂದ ಬರೋ ಅಲೆಗೆ ಅದು ಪೂರ್ತಿ ಕಿವುಡು. ಎರಡಿದ್ದರೆ ಒಂದಕ್ಕೆ ಕೇಳದ್ದು ಇನ್ನೊಂದಕ್ಕೆ ಕೇಳುತ್ತೆ. ಆಮೇಲೆ ಆಂಪ್ಲಿಫೈಯರ್, ಎಡಿಸಿ, ಒಂದು ಮೈಕ್ರೋಕಂಟ್ರೋಲರ್ ಮತ್ತು ಒಂದು ಜಿಪಿಎಸ್ ಮಾಡ್ಯೂಲ್. ಸಿಗ್ನಲ್ ಒಂದು ಮಿತಿ ದಾಟಿದ ಕೂಡಲೇ ಮೈಕ್ರೋಕಂಟ್ರೋಲರ್ ಆ ಅಲೆಯ ಸಣ್ಣ ತುಣುಕನ್ನ ಸೇವ್ ಮಾಡಿ, ಅದು ಬಂದ ಸಮಯವನ್ನ ಬರೆದು, ಸರ್ವರ್‌ಗೆ ಕಳಿಸುತ್ತೆ.

ಅಷ್ಟೇ. ಮನೆಯಲ್ಲಿರೋ ಡಬ್ಬಿಯ ಕೆಲಸ ಅಲ್ಲಿಗೆ ಮುಗೀತು. ಸಿಡಿಲು ಎಲ್ಲಿ ಬಿತ್ತು ಅಂತ ಅದಕ್ಕೆ ಗೊತ್ತೇ ಇಲ್ಲ.

ಒಂಟಿ ಡಿಟೆಕ್ಟರ್‌ಗೆ ದೂರ ಗೊತ್ತಾಗಲ್ಲ

ಇದು ನನಗೆ ಮೊದಲು ಅರ್ಥ ಆಗಿರಲಿಲ್ಲ. ಸದ್ದು ಜೋರಾಗಿದ್ದರೆ ಹತ್ತಿರ, ಮೆಲ್ಲಗಿದ್ದರೆ ದೂರ ಅಂತ ಲೆಕ್ಕ ಹಾಕಬಹುದಲ್ವಾ ಅಂದುಕೊಂಡಿದ್ದೆ. ಆಗಲ್ಲ. ಒಂದು ಸಿಡಿಲಿನಲ್ಲಿ 10,000 ಆಂಪಿಯರ್ ಇರಬಹುದು, ಇನ್ನೊಂದರಲ್ಲಿ 1,00,000 ಇರಬಹುದು. ಹತ್ತಿರದ ಬಡ ಸಿಡಿಲು ಮತ್ತು ದೂರದ ದೊಡ್ಡ ಸಿಡಿಲು ಎರಡೂ ಡಬ್ಬಿಗೆ ಒಂದೇ ಥರ ಕೇಳಿಸಬಹುದು.

ನಾವು ಚಿಕ್ಕವರಿದ್ದಾಗ ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸ್ತಿದ್ವಿ. ಗುಡುಗು ಕೇಳೋ ಹೊತ್ತಿಗೆ ಮೂರು ಸೆಕೆಂಡ್ ಆದರೆ ಒಂದು ಕಿಲೋಮೀಟರ್. ಆ ಲೆಕ್ಕ ನಡೆಯೋದು ಯಾಕೆಂದರೆ ಬೆಳಕು ಮತ್ತು ಶಬ್ದ ಎರಡು ಬೇರೆ ವೇಗದಲ್ಲಿ ಬರುತ್ತವೆ, ಹೊರಟ ಸಮಯ ನಮಗೆ ಬೆಳಕಿನಿಂದ ಗೊತ್ತಾಗುತ್ತೆ. ಡಬ್ಬಿಗೆ ಬರೋದು ಒಂದೇ ಸಿಗ್ನಲ್. ಹೊರಟಿದ್ದು ಯಾವಾಗ ಅಂತ ಗೊತ್ತಿಲ್ಲದೆ, ಬಂದಿದ್ದು ಯಾವಾಗ ಅಂತ ಮಾತ್ರ ಗೊತ್ತಿದ್ದರೆ ದೂರ ಸಿಗಲ್ಲ. ಬಸ್ ಹತ್ತು ಗಂಟೆಗೆ ಮೆಜೆಸ್ಟಿಕ್‌ಗೆ ಬಂತು ಅಂತ ಹೇಳಿದರೆ ಅದು ಯಾವ ಊರಿಂದ ಬಂತು ಅಂತ ಹೇಗೆ ಹೇಳ್ತೀರಿ?

ಆದರೆ ಒಂದೇ ಸಿಡಿಲನ್ನ ಬೇರೆ ಬೇರೆ ಊರಿನ ಡಬ್ಬಿಗಳು ಕೇಳಿಸಿಕೊಂಡು, ಪ್ರತಿಯೊಂದೂ ತನಗೆ ಕೇಳಿದ ಸಮಯ ಬರೆದಿಟ್ಟರೆ? ಆಗ ಹೊರಟ ಸಮಯ ಬೇಕೇ ಇಲ್ಲ. ಯಾರಿಗೆ ಎಷ್ಟು ಮೊದಲು ಕೇಳಿತು ಅನ್ನೋ ವ್ಯತ್ಯಾಸ ಸಾಕು.

ಮೂರು ಊರಿನ ಲೆಕ್ಕ

ಒಂದು ಉದಾಹರಣೆ ಮಾಡೋಣ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಒಂದೊಂದು ಡಿಟೆಕ್ಟರ್ ಇದೆ ಅಂತ ಇಟ್ಟುಕೊಳ್ಳಿ. ಸಿಡಿಲು ಬಿದ್ದದ್ದು ಚಿತ್ರದುರ್ಗದ ಹತ್ತಿರ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡ್‌ಗೆ 300 ಮೀಟರ್ ಹೋಗುತ್ತೆ.

ಚಿತ್ರದುರ್ಗದಿಂದ ನೇರ ಗೆರೆಯಲ್ಲಿ ಬೆಂಗಳೂರು ಸುಮಾರು 190 ಕಿಲೋಮೀಟರ್, ಹುಬ್ಬಳ್ಳಿಯೂ ಹೆಚ್ಚುಕಮ್ಮಿ ಅಷ್ಟೇ. ಅಲೆ ಎರಡೂ ಕಡೆ ಸುಮಾರು 633 ಮೈಕ್ರೋಸೆಕೆಂಡ್‌ನಲ್ಲಿ ಮುಟ್ಟುತ್ತೆ. ಮಂಗಳೂರು ಸುಮಾರು 220 ಕಿಲೋಮೀಟರ್, ಅಲ್ಲಿಗೆ 733 ಮೈಕ್ರೋಸೆಕೆಂಡ್ ಬೇಕು.

ಈಗ ಸರ್ವರ್ ಜಾಗದಲ್ಲಿ ನಿಂತು ನೋಡಿ. ಅದಕ್ಕೆ 633 ಗೊತ್ತಿಲ್ಲ, 733 ಗೊತ್ತಿಲ್ಲ. ಗೊತ್ತಿರೋದು ಎರಡೇ ವಿಷಯ: ಬೆಂಗಳೂರು ಮತ್ತು ಹುಬ್ಬಳ್ಳಿಗೆ ಒಂದೇ ಸಲ ಕೇಳಿತು, ಮಂಗಳೂರಿಗೆ 100 ಮೈಕ್ರೋಸೆಕೆಂಡ್ ತಡವಾಗಿ ಕೇಳಿತು.

ಮೊದಲನೇ ವಿಷಯದಿಂದ, ಸಿಡಿಲು ಬಿದ್ದ ಜಾಗ ಬೆಂಗಳೂರಿಗೂ ಹುಬ್ಬಳ್ಳಿಗೂ ಸಮಾನ ದೂರದಲ್ಲಿರಬೇಕು. ಅಂಥ ಜಾಗಗಳೆಲ್ಲ ಒಂದು ಗೆರೆಯ ಮೇಲಿವೆ. ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಎಳೆದು ನೋಡಿದೆ: ಆ ಗೆರೆ ಗುಂತಕಲ್ ಕಡೆಯಿಂದ ಬಂದು ಚಿತ್ರದುರ್ಗ, ತರೀಕೆರೆ, ಬಾಳೆಹೊನ್ನೂರುಗಳ ಆಸುಪಾಸಿನಲ್ಲಿ ಹಾದು ಬಂಟ್ವಾಳದ ಕಡೆಗೆ ಇಳಿಯುತ್ತೆ. ಸಿಡಿಲು ಈ ಗೆರೆಯ ಮೇಲೆ ಎಲ್ಲಿ ಬೇಕಾದರೂ ಬಿದ್ದಿರಬಹುದು.

ಎರಡನೇ ವಿಷಯದಿಂದ, ಆ ಜಾಗ ಬೆಂಗಳೂರಿಗಿಂತ ಮಂಗಳೂರಿಗೆ 30 ಕಿಲೋಮೀಟರ್ ಹೆಚ್ಚು ದೂರ ಇರಬೇಕು. ಎರಡು ಬಿಂದುಗಳಿಂದ ಇರೋ ದೂರದ ವ್ಯತ್ಯಾಸ ಸ್ಥಿರವಾಗಿದ್ದರೆ ಬರೋ ಗೆರೆ ಯಾವುದು? ಹೈಪರ್ಬೋಲಾ. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತಿದ್ವಲ್ಲ, ಅದೇ. ಕನ್ನಡ ಮೀಡಿಯಂನಿಂದ ಬಂದ ನನ್ನ ರೂಮ್‌ಮೇಟ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು, ಕನ್ನಡದಲ್ಲಿ ಇದಕ್ಕೆ ಅತಿಪರವಲಯ ಅಂತಾರೆ. ಈ ಅತಿಪರವಲಯ ಮೊದಲ ಗೆರೆಯನ್ನ ಒಂದೇ ಕಡೆ ಕತ್ತರಿಸುತ್ತೆ. ಎಲ್ಲಿ? ಚಿತ್ರದುರ್ಗದಲ್ಲಿ.

ನನಗೆ ಇದು ಹೊಳೆದ ದಿನ ನಿಜವಾಗಲೂ ಖುಷಿಯಾಯ್ತು. ಯಾವ ಡಬ್ಬಿಗೂ ದಿಕ್ಕು ಗೊತ್ತಿಲ್ಲ, ದೂರ ಗೊತ್ತಿಲ್ಲ. ಆದರೂ ಮೂರೂ ಸೇರಿದಾಗ ಜಾಗ ಸಿಕ್ಕಿಬಿಡ್ತು. ಎರಡನೇ ಮಹಾಯುದ್ಧದಲ್ಲಿ ಹಡಗು ಮತ್ತು ವಿಮಾನಗಳಿಗೆ ದಾರಿ ತೋರಿಸಿದ ಲೋರಾನ್, ಜೀ ಎಂಬ ವ್ಯವಸ್ಥೆಗಳಲ್ಲೂ ಇದೇ ಗಣಿತ ಇತ್ತು, ಆದರೆ ತಿರುಗುಮುರುಗಾಗಿ. ಅಲ್ಲಿ ಕಳಿಸೋರು ಹಲವರು, ಕೇಳೋನು ಒಬ್ಬ. ಇಲ್ಲಿ ಕೂಗೋದು ಒಂದು ಸಿಡಿಲು, ಕೇಳೋರು ಹಲವರು.

ನಿಜವಾದ ನೆಟ್‌ವರ್ಕ್‌ನಲ್ಲಿ ಮೂರಕ್ಕೇ ನಿಲ್ಲಿಸಲ್ಲ. ಮೂರೇ ಇದ್ದರೆ ಕೆಲವು ಸಲ ಗೆರೆಗಳು ಎರಡು ಕಡೆ ಕತ್ತರಿಸ್ತವೆ, ಅದಕ್ಕಿಂತ ಮುಖ್ಯವಾಗಿ ಯಾರಾದರೂ ಒಬ್ಬರು ತಪ್ಪು ಹೇಳಿದರೆ ಗೊತ್ತೇ ಆಗಲ್ಲ. ಇನ್ನೂ ಕೆಲವು ಸ್ಟೇಷನ್ ಸೇರಿಸಿ, ಎಲ್ಲರ ಸಮಯಕ್ಕೂ ಅತಿ ಕಡಿಮೆ ತಪ್ಪಿನಲ್ಲಿ ಹೊಂದೋ ಜಾಗ ಯಾವುದು ಅಂತ ಹುಡುಕ್ತಾರೆ. ಮ್ಯಾಥ್ಸ್ ಪೇಪರಿನ ಲೀಸ್ಟ್ ಸ್ಕ್ವೇರ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ವಲ್ಲ, ಇಲ್ಲಿ ಬರುತ್ತೆ.

ಎಲ್ಲ ನಿಂತಿರೋದು ಗಡಿಯಾರದ ಮೇಲೆ

ಮೇಲಿನ ಲೆಕ್ಕದಲ್ಲಿ ಒಂದು ಮಾತನ್ನ ಸುಮ್ಮನೆ ಒಪ್ಪಿಕೊಂಡುಬಿಟ್ವಿ: ಮೂರು ಊರಿನ ಗಡಿಯಾರವೂ ಒಂದೇ ಸಮಯ ತೋರಿಸ್ತಿದೆ ಅಂತ. ಎಷ್ಟು ಸರಿಯಾಗಿ ತೋರಿಸಬೇಕು?

ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪು. ಒಂದು ಮಿಲಿಸೆಕೆಂಡ್ ತಪ್ಪಿದರೆ 300 ಕಿಲೋಮೀಟರ್, ಅಂದರೆ ಬೆಂಗಳೂರಿಂದ ಚೆನ್ನೈಗೆ ಇರೋಷ್ಟು. ಬೀದರ್‌ನಿಂದ ಚಾಮರಾಜನಗರದವರೆಗಿನ ಇಡೀ 670 ಕಿಲೋಮೀಟರನ್ನ ಈ ಅಲೆ ದಾಟೋದು ಬರೀ 2.2 ಮಿಲಿಸೆಕೆಂಡ್‌ನಲ್ಲಿ. ಹಾಗಾಗಿ ಇಂಟರ್ನೆಟ್‌ನಿಂದ ಹೊಂದಿಸಿಕೊಂಡ ಲ್ಯಾಪ್‌ಟಾಪ್ ಗಡಿಯಾರ ಇಲ್ಲಿ ಯಾವ ಕೆಲಸಕ್ಕೂ ಬರಲ್ಲ.

ಬೋರ್ಡಿನ ಮೇಲಿರೋ ಕ್ವಾರ್ಟ್ಜ್ ಕ್ರಿಸ್ಟಲ್? ಹತ್ತು ಲಕ್ಷಕ್ಕೆ 10 ಭಾಗ ತಪ್ಪೋದು ಸಾಮಾನ್ಯ ಕ್ರಿಸ್ಟಲ್‌ಗೆ ದೊಡ್ಡ ವಿಷಯವಲ್ಲ. ಅಂದರೆ ಒಂದು ಸೆಕೆಂಡಿಗೆ 10 ಮೈಕ್ರೋಸೆಕೆಂಡ್, 3 ಕಿಲೋಮೀಟರ್. ಒಂದು ಗಂಟೆ ಹಾಗೇ ಬಿಟ್ಟರೆ 36 ಮಿಲಿಸೆಕೆಂಡ್, ಆಗ ಸಿಡಿಲು ಯಾವ ದೇಶದಲ್ಲಿ ಬಿತ್ತು ಅಂತಲೂ ಹೇಳೋಕಾಗಲ್ಲ.

ಇಲ್ಲೇ ಜಿಪಿಎಸ್ ಬರೋದು. ನಾವು ಜಿಪಿಎಸ್ ಅಂದರೆ ದಾರಿ ತೋರಿಸೋದು ಅಂದುಕೊಂಡಿದ್ದೀವಿ. ಅದರ ಹೊಟ್ಟೆಯಲ್ಲಿರೋದು ಗಡಿಯಾರ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಜಿಪಿಎಸ್ ಮಾಡ್ಯೂಲಿನ ಒಂದು ಪಿನ್ನಿನಿಂದ ಪ್ರತಿ ಸೆಕೆಂಡಿಗೆ ಸರಿಯಾಗಿ ಒಂದು ಪಲ್ಸ್ ಬರುತ್ತೆ, ಅದರ ತಪ್ಪು ಕೆಲವು ಹತ್ತು ನ್ಯಾನೋಸೆಕೆಂಡ್ ಅಷ್ಟೇ. ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಕ್ರಿಸ್ಟಲ್ ಎಷ್ಟು ಸಲ ಬಡಿಯಿತು ಅಂತ ಮೈಕ್ರೋಕಂಟ್ರೋಲರ್ ಎಣಿಸುತ್ತೆ. ಕ್ರಿಸ್ಟಲ್ ಓಡ್ತಿದೆಯಾ, ಕುಂಟ್ತಿದೆಯಾ ಅಂತ ಪ್ರತಿ ಸೆಕೆಂಡೂ ಗೊತ್ತಾಗುತ್ತೆ, ಅಷ್ಟನ್ನ ಕಳೆದು ಕೂಡಿ ಸಮಯ ಬರೆಯುತ್ತೆ. ತಾನು ಇರೋ ಜಾಗದ ಅಕ್ಷಾಂಶ ರೇಖಾಂಶವೂ ಅದೇ ಮಾಡ್ಯೂಲಿನಿಂದ ಸಿಗುತ್ತೆ. ಮನೆಯ ಮೂಲೆಯ ಡಬ್ಬಿಯೊಂದು ವಿಜ್ಞಾನಿಗಳ ಲ್ಯಾಬಿನ ಕೆಲಸ ಮಾಡೋಕೆ ಸಾಧ್ಯ ಆಗಿದ್ದು ಈ ಅಗ್ಗದ ಗಡಿಯಾರದಿಂದಲೇ.

ಯಾರ ಕೂಗು ಯಾವುದು?

ಇನ್ನೊಂದು ತೊಡಕು. ಭೂಮಿಯ ಮೇಲೆ ಸರಾಸರಿ ಸೆಕೆಂಡಿಗೆ 40ಕ್ಕಿಂತ ಹೆಚ್ಚು ಮಿಂಚು ಹೊಡೆಯುತ್ತೆ ಅಂತ ಉಪಗ್ರಹಗಳ ಅಳತೆಯಿಂದ ಗೊತ್ತಾಗಿದೆ. ಬೆಂಗಳೂರಿನ ಡಬ್ಬಿಗೆ ಕೇಳಿದ ಕರಕರ ಮತ್ತು ಹುಬ್ಬಳ್ಳಿಯ ಡಬ್ಬಿಗೆ ಕೇಳಿದ ಕರಕರ ಒಂದೇ ಸಿಡಿಲಿನದು ಅಂತ ಹೇಗೆ ಹೇಳೋದು?

ಇದಕ್ಕೆ ಒಂದು ಸರಳ ಉಪಾಯ ಇದೆ. ಬೆಂಗಳೂರಿಗೂ ಹುಬ್ಬಳ್ಳಿಗೂ ನೇರ ದೂರ ಸುಮಾರು 375 ಕಿಲೋಮೀಟರ್. ಸಿಡಿಲು ಜಗತ್ತಿನ ಯಾವ ಮೂಲೆಯಲ್ಲಿ ಬಿದ್ದರೂ ಈ ಎರಡು ಊರಿಗೆ ಅದು ಕೇಳೋ ಸಮಯದ ವ್ಯತ್ಯಾಸ 1.25 ಮಿಲಿಸೆಕೆಂಡ್ ದಾಟೋಕೆ ಸಾಧ್ಯವೇ ಇಲ್ಲ. ದಾಟಿದರೆ ಅವು ಬೇರೆ ಬೇರೆ ಸಿಡಿಲು. ಹೀಗೆ ಬಹುಪಾಲು ಗೊಂದಲ ಅಲ್ಲೇ ಕಳೆಯುತ್ತೆ. ಉಳಿದದ್ದಕ್ಕೆ ಅಲೆಯ ಆಕಾರ ಹೋಲಿಸ್ತಾರೆ, ಹೆಚ್ಚಿನ ಸ್ಟೇಷನ್‌ಗಳ ಸಾಕ್ಷಿ ಕೇಳ್ತಾರೆ. ಸಾಕ್ಷಿ ಸಾಲದಿದ್ದರೆ ಆ ಸಿಡಿಲನ್ನ ಮ್ಯಾಪ್ ಮೇಲೆ ಹಾಕೋದೇ ಇಲ್ಲ.

ಈ ಕೊನೆಯ ಸಾಲನ್ನ ಇನ್ನೊಂದು ಸಲ ಓದಿ. ನನ್ನ ತಪ್ಪು ಇರೋದು ಇಲ್ಲೇ.

ಮ್ಯಾಪ್ ಖಾಲಿ ಇದ್ದರೆ ಏನರ್ಥ?

ಮ್ಯಾಪ್ ಮೇಲೆ ಒಂದು ಚುಕ್ಕೆ ಬಂದಿದೆ ಅಂದರೆ ಸಾಕಷ್ಟು ಸ್ಟೇಷನ್‌ಗಳು ಒಪ್ಪಿವೆ ಅಂತ ಅರ್ಥ. ಅದನ್ನ ಬಹುಮಟ್ಟಿಗೆ ನಂಬಬಹುದು. ಚುಕ್ಕೆ ಬಂದಿಲ್ಲ ಅಂದರೆ? ಸಿಡಿಲು ಬಿದ್ದಿಲ್ಲದೇ ಇರಬಹುದು. ಅಥವಾ ಬಿದ್ದಿದ್ದು ಸಾಕಷ್ಟು ಡಬ್ಬಿಗಳಿಗೆ ಕೇಳಿಲ್ಲದೇ ಇರಬಹುದು. ಎರಡಕ್ಕೂ ಮ್ಯಾಪ್ ಒಂದೇ ಥರ ಕಾಣುತ್ತೆ: ಖಾಲಿ.

ಕೇಳದೇ ಇರೋಕೆ ಕಾರಣ ಹಲವು. ಮೊದಲನೇದು, ಡಬ್ಬಿಗಳು ಎಲ್ಲಿವೆ ಅನ್ನೋದು. ಹವ್ಯಾಸಿಗಳ ಸ್ಟೇಷನ್ ಯುರೋಪಿನಲ್ಲಿ ದಟ್ಟವಾಗಿವೆ, ನಮ್ಮ ದೇಶದಲ್ಲಿ ವಿರಳ. ದೂರದ ಸ್ಟೇಷನ್‌ಗಳಿಗೆ ದೊಡ್ಡ ಸಿಡಿಲು ಕೇಳುತ್ತೆ, ಸಣ್ಣದು ಮಿತಿ ದಾಟದೇ ಉಳಿದುಬಿಡುತ್ತೆ. ಕುರಿ ಸಾಯೋಕೆ ಸಣ್ಣ ಸಿಡಿಲೂ ಸಾಕು.

ಎರಡನೇದು, ಡಬ್ಬಿಗಳು ಹೇಗೆ ಹರಡಿವೆ ಅನ್ನೋದು. ನಮ್ಮ ಉದಾಹರಣೆಯಲ್ಲಿ ಹುಬ್ಬಳ್ಳಿ ತೆಗೆದು ಮೈಸೂರು ಹಾಕಿ ನೋಡಿ. ಈಗ ಬೆಂಗಳೂರು, ಮೈಸೂರು, ಮಂಗಳೂರು ಮೂರೂ ಚಿತ್ರದುರ್ಗದ ದಕ್ಷಿಣಕ್ಕೇ ಇವೆ. ಗೆರೆಗಳು ಒಂದನ್ನೊಂದು ಓರೆಯಾಗಿ ಕತ್ತರಿಸ್ತವೆ, ಸ್ವಲ್ಪ ಸಮಯ ತಪ್ಪಿದರೂ ಕತ್ತರಿಸೋ ಜಾಗ ದೂರ ಜಾರುತ್ತೆ. ಲೆಕ್ಕ ಹಾಕಿದೆ: ಗಡಿಯಾರದ ತಪ್ಪು ಅಷ್ಟೇ ಇದ್ದರೂ ಉತ್ತರ-ದಕ್ಷಿಣ ದಿಕ್ಕಿನಲ್ಲಿ ಜಾಗದ ತಪ್ಪು ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ. ಬಿರುಗಾಳಿ ಕಲಬುರಗಿ, ಬೀದರ್ ಕಡೆ ಇದ್ದರೆ ಇನ್ನೂ ಕಷ್ಟ. ಬಿರುಗಾಳಿಯನ್ನ ಸುತ್ತುವರಿದು ಸ್ಟೇಷನ್ ಇರಬೇಕು, ಒಂದೇ ಕಡೆ ಗುಂಪು ಕಟ್ಟಿಕೊಂಡರೆ ಪ್ರಯೋಜನ ಕಡಿಮೆ.

ಮೂರನೇದು ಗಲಾಟೆ. ಎಲ್ಇಡಿ ಬಲ್ಬಿನ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್, ಮಿಕ್ಸಿ, ಲಿಫ್ಟ್ ಮೋಟರ್ ಎಲ್ಲವೂ ಇದೇ ಪಟ್ಟಿಯಲ್ಲಿ ಗದ್ದಲ ಮಾಡ್ತವೆ. ಗದ್ದಲ ಜಾಸ್ತಿಯಾದರೆ ಡಬ್ಬಿ ಸುಳ್ಳು ಹೇಳೋ ಬದಲು ಸ್ವಲ್ಪ ಹೊತ್ತು ಮೌನವಾಗಿಬಿಡುತ್ತೆ. ಇನ್ನು ನಮ್ಮ ಕಡೆಯ ದೊಡ್ಡ ತಮಾಷೆ: ಗಾಳಿ ಮಳೆ ಶುರುವಾದ ಕೂಡಲೇ ಕರೆಂಟ್ ಹೋಗುತ್ತೆ, ಜೊತೆಗೆ ವೈಫೈ ರೂಟರ್ ಹೋಗುತ್ತೆ. ಬಿರುಗಾಳಿಗೆ ಅತಿ ಹತ್ತಿರ ಇರೋ ಸ್ಟೇಷನ್, ಅದರ ಅಗತ್ಯ ಇರೋ ಹೊತ್ತಿಗೇ ಬಾಯಿ ಮುಚ್ಚುತ್ತೆ.

ನಾಲ್ಕನೇದು ಎಲ್ಲಕ್ಕಿಂತ ಸರಳ. ಮ್ಯಾಪ್ ತೋರಿಸೋದು ಬಿದ್ದ ಸಿಡಿಲನ್ನ. ಬೀಳಲಿರೋದನ್ನ ಅಲ್ಲ. ನಮ್ಮೂರಿನ ಮೇಲೆ ಆ ಮೋಡದ ಮೊದಲ ಸಿಡಿಲೇ ಹುಣಸೆ ಮರಕ್ಕೆ ಬಿದ್ದಿದ್ದರೆ ಜಗತ್ತಿನ ಅತ್ಯುತ್ತಮ ನೆಟ್‌ವರ್ಕ್ ಕೂಡ ನಾಲ್ಕೂವರೆಗೆ ಖಾಲಿಯೇ ಇರುತ್ತಿತ್ತು.

ಇದಕ್ಕೇ ಬ್ಲಿಟ್ಸ್‌ಓರ್ಟುಂಗ್‌ನವರೇ ಹೇಳ್ತಾರೆ, ಜೀವ ಮತ್ತು ಆಸ್ತಿ ಕಾಪಾಡಿಕೊಳ್ಳೋಕೆ ನಮ್ಮ ಮಾಹಿತಿಯನ್ನ ನೆಚ್ಚಿಕೊಳ್ಳಬೇಡಿ ಅಂತ. ಮುನ್ನೆಚ್ಚರಿಕೆಗೆ ಅಂತಲೇ ಮಾಡಿದ ಆ್ಯಪ್‌ಗಳು ನಮ್ಮಲ್ಲಿ ಬೇರೆ ಇವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಇದೆ, ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆ. ಊರಿನವರಿಗೆ ಆ್ಯಪ್ ಹಾಕಿಕೊಡೋದಾದರೆ ಇಂಥದ್ದನ್ನ ಹಾಕಿಕೊಡಿ. ದೇಶದಲ್ಲಿ ಪ್ರತಿ ವರ್ಷ 2000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗ್ತಾರೆ, ಅವರಲ್ಲಿ ಹೆಚ್ಚಿನವರು ಹಳ್ಳಿಯವರು.

ನಾವು ಮಾಡ್ತಿರೋದು

ಹಾಗಾದರೆ ಮನೆಯ ಡಿಟೆಕ್ಟರ್ ಬೇಡವಾ? ಬೇಕು. ಮ್ಯಾಪಿನಲ್ಲಿ ತೂತು ಇರೋದು ತಂತ್ರಜ್ಞಾನದ ಕೊರತೆಯಿಂದಲ್ಲ, ಕೇಳಿಸಿಕೊಳ್ಳೋರು ಇಲ್ಲದ್ದರಿಂದ. ಒಂದು ಜಾಗದಲ್ಲಿ ಇಟ್ಟ ಡಬ್ಬಿಯಿಂದ ಸುತ್ತಲಿನ ನೂರಾರು ಕಿಲೋಮೀಟರಿನ ಲೆಕ್ಕ ಚೆನ್ನಾಗುತ್ತೆ.

ನಾವು ಮೂವರು ಈ ಸೆಮಿಸ್ಟರ್ ಆಂಟೆನಾ ಮತ್ತು ಆಂಪ್ಲಿಫೈಯರ್ ಭಾಗ ಮಾತ್ರ ಕಟ್ಟಿದ್ದೀವಿ. ಫೆರೈಟ್ ಕಡ್ಡಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಎರಡು ಹಳೇ ರೇಡಿಯೋದಿಂದ. ಮೊದಲ ದಿನ ಹಾಸ್ಟೆಲ್ ರೂಮಿನಲ್ಲಿ ಆಸಿಲೋಸ್ಕೋಪ್‌ಗೆ ಜೋಡಿಸಿ ನೋಡಿದರೆ ಸ್ಕ್ರೀನ್ ತುಂಬ ಸಿಗ್ನಲ್. ಕುಣಿದಾಡಿಬಿಟ್ವಿ. ಹೊರಗೆ ನೋಡಿದರೆ ಆಕಾಶ ನಿರ್ಮಲ. ಅದು ಟ್ಯೂಬ್‌ಲೈಟಿನ ಡ್ರೈವರ್! ಲೈಟ್ ಆಫ್ ಮಾಡಿದ್ವಿ, ಅರ್ಧ ಹೋಯ್ತು. ಪಕ್ಕದ ರೂಮಿನವರ ಚಾರ್ಜರ್ ಕಿತ್ತಿದ್ವಿ, ಬೈಸಿಕೊಂಡ್ವಿ, ಇನ್ನಷ್ಟು ಹೋಯ್ತು. ಕೊನೆಗೆ ಆಟದ ಮೈದಾನದ ಆಚೆ ಬ್ಯಾಟರಿ ಇಟ್ಟುಕೊಂಡು ಕೂತಾಗ ಸ್ಕ್ರೀನ್ ಶಾಂತವಾಯ್ತು. ಸ್ವಲ್ಪ ಹೊತ್ತಿಗೆ ಒಂದು ಚೂಪಾದ ಅಲೆ ಬಂತು, ಹೋಯ್ತು. ಆಕಾಶದಲ್ಲಿ ಒಂದು ಮೋಡ ಇಲ್ಲ, ಗುಡುಗಿಲ್ಲ. ಎಲ್ಲೋ ದೂರದ ಊರಿನಲ್ಲಿ ಯಾರದೋ ಹೊಲದ ಮೇಲೆ ಮಳೆ ಶುರುವಾಗಿತ್ತು. ಜಿಪಿಎಸ್ ಭಾಗ ಮುಂದಿನ ಸೆಮಿಸ್ಟರ್‌ಗೆ. ಸೋಲ್ಡರಿಂಗ್ ಕೈ ಚೆನ್ನಾಗಿರೋರು ಯಾರಾದರೂ ಇದ್ದರೆ ಕ್ಲಬ್ಬಿನ ರೂಮಿಗೆ ಬನ್ನಿ.

ದೊಡ್ಡಪ್ಪನಿಗೆ ಈ ಕಥೆಯೆಲ್ಲ ದಸರಾಕ್ಕೆ ಊರಿಗೆ ಹೋದಾಗ ಹೇಳಿದೆ. ಅತಿಪರವಲಯದವರೆಗೆ ತಾಳ್ಮೆಯಿಂದ ಕೇಳಿದ್ರು. ಆಮೇಲೆ ಕೇಳಿದ್ರು, "ಅದೆಲ್ಲ ಸರಿಯಪ್ಪ, ನಾನೀಗ ಏನು ನೋಡಿ ಮನೆಗೆ ಬರ್ಬೇಕು?"

"ಏನೂ ನೋಡಬೇಡಿ ದೊಡ್ಡಪ್ಪ, ಗುಡುಗು ಕೇಳಿಸ್ತು ಅಂದ್ರೆ ಆಗಲೇ ಸಿಡಿಲು ಬೀಳೋ ಅಳತೆಯೊಳಗೆ ಇದ್ದೀರಿ. ಮರದ ಕೆಳಗೆ ನಿಲ್ಲಬೇಡಿ, ಕುರಿ ಹೊಡ್ಕೊಂಡು ಹೊರಟುಬಿಡಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಮತ್ತೆ ಹೊರಗೆ ಹೋಗಬೇಡಿ. ನನಗೆ ಫೋನ್ ಮಾಡಿ ಕಾಯಬೇಡಿ."

"ಮೊದಲೂ ಹಂಗೇ ಮಾಡ್ತಿದ್ವಲ್ಲಪ್ಪ" ಅಂದ್ರು.

ಹೌದು, ಮೊದಲೂ ಹಾಗೇ ಮಾಡ್ತಿದ್ರು. ಮಧ್ಯದಲ್ಲಿ ನಾನು ಮ್ಯಾಪ್ ತೋರಿಸಿದ್ದೆ.